ಅವರೆ ಸಿಪ್ಪೆ

ಅತ್ತೆ ಸಾವಂತ್ರಮ್ಮ, ಸೊಸೆ ಜಲಜಾ ಎದುರುಬದುರು ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅತ್ತೆಯ ಕೈ ಕಾಯಿ ಸುಲಿದರೆ, ಬಾಯಿ ಬೀದಿಮೂಲೆಯಲ್ಲಿ ಕಸ ಸುರಿಯುವವರ ಚರ್ಮ ಸುಲಿಯುತ್ತಿತ್ತು.

“ನಗರಸಭೆಗೆ ಬರೆದ ಕಾಗದ ಇನ್ನೂ ಗಡಿಯಾರದ ಹಿಂದೇನೇ ಇದ್ಯೇನೇ?”

“ಅಲ್ಲೇ ಇದೆ ಅತ್ತೆ. ಕಸ ಹಾಕೋರ ಹೆಸರು ಬರೀದಿದ್ರೆ ದಂಡ ಹಾಕಲ್ವಂತೆ. ಆ ಜಾಗ ಖಾಲಿ ಬಿಟ್ಟಿದ್ದೀನಿ.”

ದಸರಾದಿಂದ ಇದೇ ಪಾಡು. ಆ ಮೂಲೆ ಅಡುಗೆಮನೆ ಕಿಟಕಿಯ ಪಕ್ಕದಲ್ಲೇ ಇತ್ತು. ನಾತಕ್ಕೆ ಹೆದರಿ ಜಲಜಾ ಮೂರು ತಿಂಗಳಿಂದ ಕಿಟಕಿ ತೆಗೆಯದೆ ಹೊಗೆಯಲ್ಲೇ ಒಗ್ಗರಣೆ ಹಾಕುತ್ತಿದ್ದಳು.

“ಒಬ್ಬರಾದ್ರೂ ಕಣ್ಣಿಗೆ ಬೀಳ್ಲಿ, ತಕ್ಷಣ ಬರೆದು ಹಾಕು. ನಾಚಿಕೆಗೆಟ್ಟೋರು! ನಮ್ಮೋರೇ ಆದ್ರೂ ದಾಕ್ಷಿಣ್ಯ ಬೇಡ.”

“ಆಗ್ಲಿ ಅತ್ತೆ.”

ಕಾಳು ಪಾತ್ರೆ ತುಂಬಿತು. ಅತ್ತೆ ಸಿಪ್ಪೆಯನ್ನೆಲ್ಲ ಮೊರಕ್ಕೆ ಬಾಚಿಕೊಂಡು ಎದ್ದರು.

“ಬೆಳಿಗ್ಗೆ ಕಸದ ಗಾಡಿ ಬರತ್ತಲ್ಲ, ಇಟ್ಟಿರೋಣ ಅತ್ತೆ.”

“ಅಯ್ಯೋ ಪೆದ್ದಿ! ಅವರೆ ಸಿಪ್ಪೆ ಬೀದಿಗೆ ಬಿದ್ದು ನಾಲ್ಕು ಜನ ತುಳಿದ್ರೇನೇ ಸಾರಿಗೆ ಸೊಗಡು. ಇದೂ ಒಂದು ಕಸವೇ?”

ಮೂಲೆಯಲ್ಲಿ ಮೊರ ಕೊಡವಿ ಅವರು ಹಿಂದಿರುಗುವಷ್ಟರಲ್ಲಿ ಜಲಜಾ ಚಪ್ಪಲಿ ಮೆಟ್ಟಿ ನಿಂತಿದ್ದಳು.

“ಎಲ್ಲಿಗೇ?”

“ಅಂಚೆಡಬ್ಬಿಗೆ. ಹೆಸರು ಸಿಕ್ತು ಅತ್ತೆ.”

“ಸಿಕ್ತಾ! ಓಡು, ಓಡು! ಇವತ್ತು ಸಾರು ನಾನೇ ಮಾಡ್ತೀನಿ.”

ಜಲಜಾ ಡಬ್ಬಿಯ ಹತ್ತಿರ ನಿಂತು, ಖಾಲಿ ಜಾಗದಲ್ಲಿ ‘ಸಾವಂತ್ರಮ್ಮ’ ಎಂದು ದುಂಡಗೆ ಬರೆದು, ಕಾಗದವನ್ನು ಒಳಕ್ಕೆ ಬಿಟ್ಟಳು.