ಅತ್ತ ಗೋಲು, ಇತ್ತ ಗೋಳು

ಹಂಝ ಮೂರನೇ ಸುತ್ತು ಹಗ್ಗ ಬಿಗಿಯುತ್ತಿದ್ದಾಗ ಆ ಮನುಷ್ಯ ಅವನ ಕೈ ಕಚ್ಚಿದ. ಹಲ್ಲು ಚರ್ಮ ದಾಟಿ ಒಳಗಿಳಿಯಿತು. ಹಂಝ ಇನ್ನೊಂದು ಕೈಯಿಂದ ಕೆನ್ನೆಗೆ ಬಾರಿಸಿದ.

"ಹೊನ್ನಪ್ಪ, ಬಾಯಿಗೆ ಟೇಪು ಹಾಕು ಮಾರಾಯ."

"ಹಾಕಾಕತ್ತೇನಿ. ಮಾರಿ ಅಳ್ಳಾಡಸ್ತಾರಲ್ಲ."

ಮಸ್ಕತ್ತಿನ ಅಲ್ ಅಜೈಬಾದ ಆ ಕೊರಿಯನ್ ಹೋಟೆಲಿನ ಗೋದಾಮಿಗೆ ಕಿಟಕಿಯಿರಲಿಲ್ಲ. ಅಕ್ಕಿ ಮೂಟೆಗಳು, ಉಪ್ಪಿನಕಾಯಿಯ ವಾಸನೆ ಹೊಡೆಯುವ ಡಬ್ಬಿಗಳು, ನಡುವೆ ಒಂದು ಕಬ್ಬಿಣದ ಕುರ್ಚಿ. ಕುರ್ಚಿಯಲ್ಲಿ ಐವತ್ತು ದಾಟಿದ ಕೊರಿಯನ್. ಮೈಮೇಲೆ ಕೆಂಪು ಅಂಗಿ. ತುಟಿಯ ಮೇಲೂ ಈಗ ಅದೇ ಬಣ್ಣ.

ಗೋಡೆಯಾಚೆ ಊಟದ ಕೋಣೆಯಲ್ಲಿ ಮಸ್ಕತ್ತಿನ ಕೊರಿಯನ್ನರೆಲ್ಲ ಅದೇ ಕೆಂಪಂಗಿ ತೊಟ್ಟು ಡೋಲು ಬಡಿಯುತ್ತಿದ್ದರು. ದೊಡ್ಡ ಪರದೆಯ ಮೇಲೆ ಕೊರಿಯಾ–ಜಪಾನ್. ಅತ್ತ ಗೋಲಾದರೆ ಇತ್ತ ಗೋಳು ಯಾರಿಗೂ ಕೇಳುವುದಿಲ್ಲ.

ಹಂಝ ಉಳ್ಳಾಲದವನು, ಅಲ್ಲಿಯ ಅಡುಗೆಯವನು. ಹೊನ್ನಪ್ಪ ಇಳಕಲ್ಲಿನವನು, ಎಸಿ, ಕರೆಂಟು ನೋಡಿಕೊಳ್ಳುವವನು. ಇಬ್ಬರಿಗೂ ಹೊಡೆದಾಟ ಕಸುಬಲ್ಲ. ಆದರೆ ಯಜಮಾನ ಕ್ವಾನ್ ಬೆಳಿಗ್ಗೆಯೇ ಖಡಕ್ಕಾಗಿ ಹೇಳಿದ್ದ. ಪಂದ್ಯ ಮುಗಿಯುವ ತನಕ ಈ ಕುರ್ಚಿ ಖಾಲಿಯಾಗಬಾರದು. ಕಾಲು ಹಿಡಿದರೂ ಬಿಡಬೇಡಿ. ಆಸೆ ತೋರಿಸಿದರೂ ಬಿಡಬೇಡಿ. ಹೊಡೆಯಬೇಕಾದರೆ ಹೊಡೆಯಿರಿ. ಬಿಟ್ಟರೆ ವೀಸಾ ಖಲಾಸ್.

ಹೋದ ವರ್ಷ ಇದೇ ಕುರ್ಚಿಯ ಹಗ್ಗವನ್ನು ಇಲ್ಲಿ ಕೆಲಸಕ್ಕಿದ್ದ ಪಾಸ್ಕಲ್ ಕನಿಕರಪಟ್ಟು ಬಿಚ್ಚಿದ್ದ. ಪಾಸ್ಕಲ್ ಈಗ ಕುಂದಾಪುರದಲ್ಲಿದ್ದಾನೆ. ಹಂಝನ ಮಗಳು ರಿಫಾ ಇಲ್ಲಿ ಹತ್ತನೇ ಕ್ಲಾಸಿನಲ್ಲಿದ್ದಾಳೆ. ಅಪ್ಪನ ವೀಸಾ ಹೋದರೆ ಅವಳ ಪರೀಕ್ಷೆಯೂ ಹೋಯಿತು.

"ಇವರ ಮ್ಯಾಲೆ ಕೈ ಮಾಡಾಕ ಮನಸ್ಸ ಬರವಲ್ದು, ಹಂಝಾ ಭಾಯ್."

"ಮನಸ್ಸು ಆಮೇಲೆ ಬರ್ಲಿ. ಈಗ ಕಾಲು ಹಿಡಿ."

"ಕಾಲ್ ಹಿಡೀಲೋ, ಕಾಲಿಗೆ ಬೀಳ್ಲೋ?"

ಅಷ್ಟರಲ್ಲಿ ಗೋಡೆ ನಡುಗಿತು. ಕೊರಿಯಾ ಗೋಲು. ನೂರು ಗಂಟಲು ಒಟ್ಟಿಗೆ ಹರಿದವು.

ಕುರ್ಚಿಯಲ್ಲಿದ್ದವನಿಗೆ ಹುಚ್ಚು ಹಿಡಿಯಿತು. ಕುರ್ಚಿಸಮೇತ ನೆಗೆದು, ಹಣೆಯಿಂದ ಹೊನ್ನಪ್ಪನ ಮೂಗಿಗೆ ಗುದ್ದಿದ. ಒಣ ಕಟ್ಟಿಗೆ ಮುರಿದಂಥ ಸದ್ದು. ರಕ್ತ ಅಕ್ಕಿ ಮೂಟೆಯ ಮೇಲೆ ಚಿಮ್ಮಿತು. ಹಂಝ ಎದೆಗೆ ಒದ್ದ. ಕುರ್ಚಿ ಅಡ್ಡ ಬಿತ್ತು. ಬಿದ್ದವನ ಪಕ್ಕೆಗೆ ಮೊಣಕಾಲು ಊರಿ ಕೂತ. ಟೇಪು ಕಿತ್ತು ಬಂದಿತ್ತು.

"ಒಂದೇ ನಿಮಿಷ," ಎಂದ ಆ ಮನುಷ್ಯ, ಗಲ್ಫಿನಲ್ಲಿ ಎಲ್ಲರೂ ಆಡುವ ಮುರುಕು ಹಿಂದಿಯಲ್ಲಿ. "ವಾಚ್ ತಕೋ. ಚಿನ್ನದ್ದು. ಒಂದೇ ನಿಮಿಷ ಬಿಡು."

"ನಿಮ್ಮ ಆ ಒಂದು ನಿಮಿಷದಲ್ಲಿ ನನ್ನ ಮಗಳ ಇಡೀ ವರ್ಷ ಉಂಟು," ಎಂದು ಹಂಝ ಹೊಸ ಟೇಪು ಮೆತ್ತಿದ.

ಕುರ್ಚಿ ಬಿದ್ದ ಸದ್ದು ಯಾರಿಗಾದರೂ ಕೇಳಿತೇ? ಅವನು ಬಾಗಿಲು ಒಂದು ಬೆರಳಿನಷ್ಟು ಸರಿಸಿ ಇಣುಕಿದ. ಯಾರೂ ಇತ್ತ ತಿರುಗಿರಲಿಲ್ಲ. ಮೊದಲ ಸಾಲಿನ ನಡುವಿನ ಕುರ್ಚಿ ಖಾಲಿ; ಅದರಲ್ಲಿ ಕೂರಬೇಕಾದವರು ಎಲ್ಲಿ ಎಂದು ಯಾರೂ ಕೇಳುತ್ತಲೂ ಇರಲಿಲ್ಲ. ಫುಟ್‌ಬಾಲಿನ ಗೊಡವೆಯೇ ಇಲ್ಲದ ಹಂಝನ ಕಣ್ಣು ಸುಮ್ಮನೆ ಪರದೆಯ ಮೇಲೆ ಬಿತ್ತು. ಚೆಂಡು ಬಲೆಯೊಳಗೆ ಬಿತ್ತು. ಡೋಲು ನಿಂತಿತು. ಒಂದು–ಒಂದು.

ದ್ವಿತೀಯಾರ್ಧವಿಡೀ ಒಳಗೆ ಗುದ್ದಾಟ ನಡೆಯಿತು. ಹೊರಗೆ ಕೂಗು ಏರಿದಂತೆಲ್ಲ ಆ ಮನುಷ್ಯ ಒದ್ದ, ತಲೆ ಬೀಸಿದ, ಮಣಿಕಟ್ಟಿನ ಚರ್ಮ ಸುಲಿಯುವಷ್ಟು ಜಗ್ಗಿದ. ಹಂಝ ಹೊಡೆದ. ಹೊನ್ನಪ್ಪ ಅಳುತ್ತಾ ಹೊಡೆದ.

"ಮೂಗ ಉಳೀತೈತೋ ಇಲ್ಲೋ," ಎಂದ ಹೊನ್ನಪ್ಪ.

"ಐಸು ತರ್ತೇನೆ, ತಡಿ."

ಹಂಝ ಮತ್ತೆ ಬಾಗಿಲು ಸರಿಸಿದ. ಮತ್ತೆ ಪರದೆ. ಮತ್ತೆ ಬಲೆ. ಯಾವುದೋ ಹೆಂಗಸು ಬಿಕ್ಕಿದ್ದು ಕೇಳಿತು. ಕೊನೆಯ ಸೀಟಿ ಮೊಳಗಿತು.

ಅವನು ಐಸು ಮರೆತು ಹಿಂದಿರುಗಿ ಟೇಪು ಕಿತ್ತ, ಹಗ್ಗ ಬಿಚ್ಚಿದ. 

"ಎಷ್ಟು?" ಎಂದ ಆ ಮನುಷ್ಯ.

"ಎರಡು–ಒಂದು. ಜಪಾನ್ ಗೆದ್ದಿತು, ಕ್ವಾನ್ ಸರ್. ಆದ್ರೆ ನೀವು ಹೇಳಿದ ಹಾಗೇ ಮಾಡಿದ್ದೇವೆ. ಬಿಡ್ಲಿಲ್ಲ."

ಯಜಮಾನ ಕ್ವಾನ್ ತುಟಿಯ ರಕ್ತ ಒರೆಸಿಕೊಂಡ. ತಾನು ನೋಡಿದ ಪಂದ್ಯವನ್ನೆಲ್ಲ ಕೊರಿಯಾ ಸೋಲುತ್ತದೆಂದು ಅವನಿಗೆ ಖಾತ್ರಿಯಾಗಿತ್ತು; ಅವನಿಗಿಂತ ಹೆಚ್ಚು ಹೊರಗಿದ್ದ ನೂರು ಜನಕ್ಕೆ. ನೋಡದೆ ಇರಲೂ ಅವನಿಂದಾಗದು, ಅದಕ್ಕೇ ಈ ಹಗ್ಗ. ನಮ್ಮ ಕಡೆ ಇದಕ್ಕೆ ಕಾಲ್ಗುಣ ಎನ್ನುತ್ತೇವೆ. ಕಾಲ್ಚೆಂಡಿನಲ್ಲಿ ಅದು ಆಡುವವರ ಕಾಲಿಗಿಂತ ಜೋರು.

"ನಾನು ನೋಡಲಿಲ್ಲ," ಎಂದ ಕ್ವಾನ್ ನಿಧಾನವಾಗಿ. "ಮತ್ತೆ ಹೇಗೆ?"

ಹೊನ್ನಪ್ಪ ಗೆಳೆಯನನ್ನು ಕಾಪಾಡಲು ಮೂಗಿಗೆ ಒತ್ತಿಕೊಂಡಿದ್ದ ಬಟ್ಟೆ ತೆಗೆದ. "ಹಂಝಾ ಭಾಯ್ ತಪ್ಪಿಲ್ರೀ ಸರ್. ಅವ ಬಾಗಲಾ ತಗದು ನೋಡಿದ್ದ ಬರೇ ಎರಡ ಸಲ. ಆ ಎರಡ ಸಲಾನೂ ಅವರು ಗೋಲ್ ಹಾಕಿದ್ರ ಅವ ಏನ್ ಮಾಡ್ಬೇಕ್ರೀ?"

ಬಾಗಿಲ ಬಳಿ ಕೆಂಪಂಗಿಗಳು ಬಂದು ನಿಂತಿದ್ದವು.  ಕ್ವಾನ್ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಹಂಝನ ಕಾಲುಗಳನ್ನೇ ನೋಡಿದ.

"ನಿನ್ನ ವೀಸಾ ಎಲ್ಲಿಗೂ ಹೋಗುವುದಿಲ್ಲ," ಎಂದ ಅವನು, ಹಗ್ಗ ಕೈಗೆತ್ತಿಕೊಂಡು. "ನೀನೂ ಹೋಗುವುದಿಲ್ಲ. ಶುಕ್ರವಾರ ಇರಾನ್ ಜೊತೆ ಪಂದ್ಯ. ಕೂತುಕೋ, ಅಳತೆ ನೋಡೋಣ."