ಬೀಗ ಹಾಕಿದ ಹೆರಿಗೆ ಕೋಣೆ

"ಆ ಪರದೆ ಕಿತ್ತುಹಾಕು. ಹರಿದರೆ ಇನ್ನೂ ಒಳ್ಳೇದು," ಎಂದು ದೊಡ್ಡಕ್ಕ ಆಯಾಗೆ ಹೇಳಿದಳು.

ಆಯಾ ಕಕ್ಕಾಬಿಕ್ಕಿಯಾದಳು. ಮೊನ್ನೆಯಷ್ಟೇ ಒಗೆದು ಇಸ್ತ್ರಿ ಮಾಡಿ ಹಾಕಿದ ಪರದೆ ಅದು. "ಇದೇನಕ್ಕಾ, ತಪಾಸಣೆಗೆ ಬರ್ತಾರೆ ಅಂದ್ರೆ ಎಲ್ಲರೂ ಗುಡಿಸ್ತಾರೆ. ನಾವು ಕಸ ತಂದು ಹಾಕ್ತಾ ಇದ್ದೀವಿ."

"ಕಸ ಇದ್ರೇನೇ ಈಗ ಸಂಬಳ. ಸುಮ್ನೆ ಕೀಳು."

ದೊಡ್ಡಕ್ಕ ಆ ಸಣ್ಣ ಊರಿನ ಆಸ್ಪತ್ರೆಯ ಹೆಡ್ ನರ್ಸ್. ಊರಿನ ಅರ್ಧ ಮಕ್ಕಳು ಅವಳ ಕೈಯಲ್ಲೇ ಕಣ್ಣು ಬಿಟ್ಟವು. ಅಲ್ಲಿನ ಹೆರಿಗೆ ಕೋಣೆ ಎಂದರೆ ಅವಳಿಗೆ ಜೀವ. ಕೆಲವು ವರ್ಷಗಳ ಹಿಂದೆ ರಾಜ್ಯ ಸರ್ಕಾರ ಪೆಟ್ರೋಲಿನ ಮೇಲೆ ಹೆಚ್ಚುವರಿ ತೆರಿಗೆ ಹಾಕಿತ್ತು, ಜನ ಬೈದುಕೊಂಡೇ ಕೊಟ್ಟಿದ್ದರು. ಆ ದುಡ್ಡಿನಲ್ಲಿ ಹೊಸ ಮಂಚ, ದೊಡ್ಡ ದೀಪ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಬೆಚ್ಚಗಿನ ಗಾಜಿನ ಪೆಟ್ಟಿಗೆ ಎಲ್ಲಾ ಬಂದಿದ್ದವು. ನರ್ಸುಗಳ ಸಂಬಳ ಮಾತ್ರ ಕೇಂದ್ರ ಸರ್ಕಾರದ ಅನುದಾನದಿಂದ ಬರುತ್ತಿತ್ತು.

ಈಗ ಕೇಂದ್ರ ಹೊಸ ನಿಯಮ ತಂದಿತ್ತು. ಹಿಂದುಳಿದ ಆಸ್ಪತ್ರೆಗಳಿಗೆ ಮಾತ್ರ ಅನುದಾನ; ಚೆನ್ನಾಗಿ ನಡೆಯುವವನ್ನು ಆಯಾ ರಾಜ್ಯವೇ ನೋಡಿಕೊಳ್ಳಲಿ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ ಬಿಡಿ. ಆದರೆ ರಾಜ್ಯದ ಬೊಕ್ಕಸ ಖಾಲಿ, ಇನ್ನೊಂದು ತೆರಿಗೆ ಹಾಕಿದರೆ ಜನ ಬೀದಿಗಿಳಿಯುತ್ತಾರೆ. ಹೀಗಾಗಿ ರಾಜ್ಯದ ಆರೋಗ್ಯ ಇಲಾಖೆಯ ಸಾಹೇಬರೊಬ್ಬರು ದೊಡ್ಡಕ್ಕನಿಗೆ ಫೋನ್ ಮಾಡಿದ್ದರು.

"ನೋಡಮ್ಮ, ಕೇಂದ್ರದ ತಪಾಸಣೆಯವರಿಗೆ ಆಸ್ಪತ್ರೆ ಚೆನ್ನಾಗಿ ಕಂಡರೆ ಸಂಬಳ ನಿಲ್ಲುತ್ತೆ. ಮುಂದಿನ ತಿಂಗಳು ಹೆರಿಗೆ ಕೋಣೆ ಮುಚ್ಚಬೇಕಾಗುತ್ತೆ. ನಾನೇನೂ ಹೇಳಿಲ್ಲ, ನೀನೇನೂ ಕೇಳಿಲ್ಲ."

ಚೆನ್ನಾಗಿ ನಡೆಸಿದ್ದೇ ತಪ್ಪಾಯಿತಲ್ಲ ಎಂದು ಅವಳಿಗೆ ಅಳು ಬಂದಿತ್ತು. ಅತ್ತರೆ ಯಾರ ಸಂಬಳವೂ ಉಳಿಯುವುದಿಲ್ಲ. ಡಾಕ್ಟರ ಕೈಲಿ ರಜೆ ಹಾಕಿಸಿದಳು, ವೈದ್ಯರಿಲ್ಲದ ಆಸ್ಪತ್ರೆ ಇನ್ನೂ ಹಿಂದುಳಿದದ್ದು. ಹೆರಿಗೆ ಕೋಣೆಗೆ ಬೀಗ ಜಡಿದು, ಎದುರಿಗೆ ಮುರುಕು ಮಂಚವೊಂದನ್ನು ಎಳೆದು ಹಾಕಿದಳು. ರೋಗಿಗಳಿಗೆ ಕೈಮುಗಿದು ಅವರನ್ನು ಚಾಪೆಗೆ ಇಳಿಸಿದಳು. ಒಬ್ಬ ಮುದುಕನಿಗೆ ಹುಮ್ಮಸ್ಸು ಬಂದು ಯಾರೂ ಹೇಳದೆಯೇ ನರಳತೊಡಗಿದ.

"ಅಷ್ಟೊಂದು ಬೇಡ ತಾತ," ಎಂದಳು. "ಹೋಗೇಬಿಟ್ರಿ ಅಂದ್ಕೋತಾರೆ."

ಕೇಂದ್ರದ ಗಾಡಿ ಬಂತು. ಇಳಿದವನು ಫೈಲು ಹಿಡಿದ ಗುಮಾಸ್ತನೊಬ್ಬನೇ.

"ಅಧಿಕಾರಿಗಳು?"

"ಹಿಂದೆ ಬರ್ತಾರೆ. ಅವರ ಸ್ವಭಾವ ನಿಮಗೆ ಗೊತ್ತಿಲ್ಲ, ಹೇಳದೆ ಕೇಳದೆ ನುಗ್ತಾರೆ. ಆಸ್ಪತ್ರೆಗೆ ಅಂಕ ಹಾಕೋದು ಅವರೇ, ನಾನು ಬರೀ ಫೈಲು ಹೊರೋನು." ಅವನು ಮುಂದಿನ ಕೋಣೆಯ ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡ.

ಅದೇ ಹೊತ್ತಿಗೆ ಹಿಂಬಾಗಿಲಿಗೆ ಆಟೋ ಬಂದು ನಿಂತಿತು. ತುಂಬು ಬಸುರಿಯೊಬ್ಬಳು ಬಾಗಿಲ ಚೌಕಟ್ಟು ಹಿಡಿದು ಇಳಿದಳು. ಬೆವರಿನಿಂದ ಮುಖ ತೊಯ್ದುಹೋಗಿತ್ತು.

"ಇನ್ನೂ ದಿನ ಇತ್ತು, ಸಿಸ್ಟರ್. ದಾರೀಲಿ ನೋವು ಶುರುವಾಯ್ತು."

"ಜೊತೆಗೆ ಯಾರೂ ಇಲ್ವೇನಮ್ಮ?"

"ನಮ್ಮವರು ಮುಂದೆ ಹೋಗಿದ್ದಾರೆ."

ಜಿಲ್ಲಾಸ್ಪತ್ರೆಗೆ ಹೋಗಿ ಕಾಯುತ್ತಿರಬೇಕು ಎಂದುಕೊಂಡಳು ದೊಡ್ಡಕ್ಕ. ಹೊಟ್ಟೆ ಮುಟ್ಟಿ ನೋಡಿದಳು. ಜಿಲ್ಲಾಸ್ಪತ್ರೆಯವರೆಗೆ ತಡೆಯುವ ಹೆರಿಗೆ ಅಲ್ಲ ಇದು. ಆ ಮುರುಕು ಮಂಚದ ಮೇಲೆ ಆಗುವಂಥದ್ದೂ ಅಲ್ಲ.

ಕೀಲಿ ಅವಳ ಜೇಬಿನಲ್ಲಿತ್ತು. ಬೀಗ ತೆಗೆದ ಗಳಿಗೆಯಲ್ಲೇ ಅಧಿಕಾರಿ ನುಗ್ಗಿದರೆ ನರ್ಸುಗಳೆಲ್ಲ ಮನೆಗೆ. ತೆಗೆಯದಿದ್ದರೆ ಈ ಹುಡುಗಿಯ ಗತಿ? ಎತ್ತ ತಿರುಗಿದರೂ ಗೋಡೆ. ದೇಶದಲ್ಲಿ ಇಷ್ಟು ಆಸ್ಪತ್ರೆ ಇರುವಾಗ ಇವತ್ತೇ, ಇಲ್ಲೇ ನೋವು ಬರಬೇಕಿತ್ತೇ ಎಂದು ಅವಳಿಗೆ ಸಿಟ್ಟೂ ಬಂತು.

"ಹಾಳಾಗಿ ಹೋಗ್ಲಿ," ಎಂದು ಬೀಗ ತೆಗೆದಳು.

ದೊಡ್ಡ ದೀಪ ಹೊತ್ತಿತು. ಬಸುರಿ ಆ ನೋವಿನಲ್ಲೂ ಸುತ್ತ ಕಣ್ಣಾಡಿಸಿದಳು. "ಇಷ್ಟು ಚೆನ್ನಾಗಿರೋ ಕೋಣೆಗೆ ಬೀಗ ಯಾಕೆ?"

"ಆಮೇಲೆ ಹೇಳ್ತೀನಿ ತಾಯಿ. ಈಗ ಉಸಿರು ಎಳ್ಕೊ."

ಬಸುರಿಯ ಬ್ಯಾಗಿನಲ್ಲಿ ಫೋನು ಗುಂಯ್‌ಗುಡುತ್ತಲೇ ಇತ್ತು. ಆಯಾ ಕೈ ಹಾಕಲು ಹೋದಳು. "ಬಿಡು, ಗಂಡ ಇರ್ಬೇಕು," ಎಂದಳು ದೊಡ್ಡಕ್ಕ. "ಅವನೂ ಸ್ವಲ್ಪ ಒದ್ದಾಡ್ಲಿ."

ಹೆಣ್ಣು ಕೂಸು. ಅಂಗೈಯಗಲ ಎದೆ, ಬೆಕ್ಕಿನ ಮರಿಯಂಥ ಅಳು. ದೊಡ್ಡಕ್ಕ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಬಣ್ಣ ತಿಳಿಯಾಗುವವರೆಗೂ ಅಲುಗದೆ ನಿಂತಳು. ಆಮೇಲೆ ಕೈ ತೊಳೆದು, ಎದೆ ಗಟ್ಟಿ ಮಾಡಿಕೊಂಡು ಮುಂದಿನ ಕೋಣೆಗೆ ಹೋದಳು.

ಗುಮಾಸ್ತ ಆಕಳಿಸುತ್ತಿದ್ದ. "ಇನ್ನೂ ಬಂದಿಲ್ಲ. ಫೋನೂ ಎತ್ತುತ್ತಿಲ್ಲ. ಇನ್ನೊಂಚೂರು ಕಾಯ್ತೀನಿ."

ಬದುಕಿದೆಯಾ ಬಡಜೀವವೇ ಎಂದು ದೊಡ್ಡಕ್ಕ ಮರಳಿ ಬಂದಳು. ಯಾರೂ ನೋಡಿರಲಿಲ್ಲ. ಆ ಹಗುರದಲ್ಲಿ ನಾಲಿಗೆಯೂ ಸಡಿಲವಾಯಿತು. ಬಾಣಂತಿಗೆ ಹಾಲು ಕುಡಿಸುತ್ತಾ ಎಲ್ಲವನ್ನೂ ಹೇಳಿಬಿಟ್ಟಳು: ಹೊಸ ನಿಯಮ, ಇಲಾಖೆಯ ಫೋನು, ಹರಿದ ಪರದೆ, ಮುದುಕನ ನರಳಾಟ.

ಬಾಣಂತಿ ನಗಲಿಲ್ಲ. "ಮಗು ಎಷ್ಟು ದಿನ ಆ ಪೆಟ್ಟಿಗೇಲಿ ಇರಬೇಕು?"

"ಮುಂದಿನ ತಿಂಗಳು ಪೂರ್ತಿ ಇರಬೇಕಾಗಬಹುದು. ಅಲ್ಲೀತನಕ ಎತ್ತಿ ಬೇರೆ ಕಡೆ ಸಾಗಿಸೋ ಹಾಗಿಲ್ಲ. ಹೆದರಬೇಡ, ಅನುದಾನ ಉಳಿದ್ರೆ ನಾನೇ ನೋಡ್ಕೋತೀನಿ."

ಬಾಣಂತಿ ಹಾಲಿನ ಲೋಟ ಪಕ್ಕಕ್ಕಿಟ್ಟು ಗಾಜಿನ ಕಡೆಗೆ ತಿರುಗಿದಳು.

"ಮುಂದೆ ಕೂತಿರೋದು ನನ್ನ ಗುಮಾಸ್ತ, ಸಿಸ್ಟರ್," ಎಂದಳು. "ನಾನು ಕಂಡದ್ದನ್ನ ಕಂಡ ಹಾಗೆ ಬರೆದರೆ ನನ್ನ ಮಗು ಎಲ್ಲಿರಬೇಕು, ನೀವೇ ಹೇಳಿ."