ಗೇಟಿನ ಸದ್ದು

ಕಿವಿ ಕೇಳದವರಿಗಾಗಿ ಅಗ್ಗದ ಶ್ರವಣಯಂತ್ರ ಕಂಡುಹಿಡಿದಾತನಿಗೆ ಪ್ರಶಸ್ತಿ ಬಂದಿತ್ತು. ಆತ ಬೀದಿಯಲ್ಲಿ ನಿಂತು ಜನರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ, ಮನೆಯೊಳಗೆ ವರದಿಗಾರ್ತಿ ಆತನ ಹೆಂಡತಿಯನ್ನು ಮಾತಿಗೆಳೆದಳು. ಆತ ಮಾಡಿದ ಮೊದಲ ಯಂತ್ರ ಇದ್ದದ್ದು ಈಕೆಯ ಕಿವಿಯಲ್ಲೇ.

"ಸರ್‌ಗೆ ಕೋಪ ಜಾಸ್ತಿ ಅಂತಾರಲ್ಲ ಮೇಡಂ?"

"ಅದನ್ನೆಲ್ಲ ಬರೀಬೇಡಿ. ಮನುಷ್ಯ ಹೇಗಾದರೂ ಇರಲಿ, ಅವರ ಕೆಲಸಕ್ಕೆ ಹೆಸರಿಡೋ ಹಾಗಿಲ್ಲ."

"ಇದರಿಂದ ನಿಮಗೇನು ಅನುಕೂಲ ಆಯ್ತು?"

"ಗೇಟು ತೆಗೆಯೋ ಸದ್ದು ಕೇಳಿಸುತ್ತೆ."

"ಅಷ್ಟೇನಾ? ಹಾಡು, ಮಗಳ ಮಾತು?"

"ಅದೆಲ್ಲ ಆಮೇಲೆ." ಆಕೆಯ ಕಣ್ಣು ಬಾಗಿಲ ಮೇಲೇ ಇತ್ತು. "ಗೇಟಿನ ಸದ್ದು ಕೇಳಿಸಿದರೆ, ಅವರು ಮೆಟ್ಟಿಲು ಹತ್ತೋಷ್ಟರಲ್ಲಿ ಮಗಳನ್ನ ಎಳ್ಕೊಂಡು ಬಚ್ಚಲಮನೆಗೆ ಹೋಗಿ ಚಿಲಕ ಹಾಕ್ಕೋಬಹುದು."